ಜೋಡಿ ತುಂಡು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಚಂದಯ್ಯಣ್ಣನ ಕಥೆ ಹೇಳಲು ಹೊರಟರೆ ನನ್ನ ಕೋಪ ನಡುವೆ ಬಂದೇ ಬರುತ್ತದೆ. ಬ್ರಹ್ಮಾವರದಲ್ಲಿ ನನ್ನದೊಂದು ಟೈಲ್ಸ್ ಅಂಗಡಿ. ಭೋಜರಾಜ ಶೆಟ್ಟಿ ಎಂದರೆ ಗಿರಾಕಿಗಳು "ಓ, ಆ ಜಗಳಗಂಟ ಶೆಟ್ರಾ?" ಎನ್ನುತ್ತಾರಂತೆ. ಅನ್ನಲಿ. ಟೈಲ್ಸಿಗೆ ಮಾತ್ರ ನನ್ನ ಹತ್ತಿರವೇ ಬರುತ್ತಾರೆ.

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಾನು ವಿಮಾನ ಕಟ್ಟುತ್ತೇನೆ. ಆಟದ ವಿಮಾನ ಎಂದು ಯಾರಾದರೂ ಅಂದರೆ ಆಗಲೂ ನನಗೆ ಕೋಪ ಬರುತ್ತದೆ. ರಿಮೋಟಿನಲ್ಲಿ ಹಾರುವುದು ಹೌದು. ಆದರೆ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂಬತ್ತಡಿ, ತೂಕ ಒಂಬತ್ತು ಕಿಲೋ, ಮೂತಿಯಲ್ಲಿ ಪೆಟ್ರೋಲ್ ಎಂಜಿನ್. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಅದು ಯಾರ ತಲೆಗೆ ಬಡಿದರೂ ಆ ಮನುಷ್ಯ ಮತ್ತೆ ಏಳುವುದಿಲ್ಲ.

ಅದರ ಹೊಟ್ಟೆಯೊಳಗಿನ ವಯರೆಲ್ಲ ಚಂದಯ್ಯಣ್ಣನ ಕೈಯದು.

ಅವರು ಗಂಗೊಳ್ಳಿ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವವರು. ವಯಸ್ಸು ಅರವತ್ತೊಂದು, ಮೈಯಲ್ಲಿ ಮಾಂಸವೇ ಇಲ್ಲ, ಕನ್ನಡಕದ ಒಂದು ಕಾಲು ಮುರಿದು ಬಲೆಯ ದಾರದಲ್ಲಿ ಕಟ್ಟಿಕೊಂಡಿದ್ದಾರೆ. ಆರು ವರ್ಷದ ಹಿಂದೆ ಬಚ್ಚಲುಮನೆಗೆ ಟೈಲ್ಸ್ ನೋಡಲು ಬಂದವರು ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟರು. ಆಗ ನನ್ನದು ಬ್ಯಾಟರಿಯಲ್ಲಿ ಹಾರುವ ಸಣ್ಣ ವಿಮಾನ. ಒಳಗೆ ಇಣುಕಿದರು, ಎರಡು ಬೆರಳು ಹಾಕಿ ಒಂದು ವಯರನ್ನು ಹಿಡಿದು ಮೆಲ್ಲ ಎಳೆದರು. ವಯರು ಕಳಚಿ ಅವರ ಕೈಗೆ ಬಂತು.

"ಹ್ವಾಯ್! ಎಂತ ಮಾಡ್ತ್ರಿ ನೀವ್?" ಎಂದು ನಾನು ಕೂಗಾಡಿದೆ.

"ಬಂತಲ್ಲ ಶೆಟ್ರೆ," ಎಂದರು ಅವರು, ವಯರನ್ನು ನನ್ನ ಮುಖದೆದುರು ಹಿಡಿದು. "ಮೇಲ್ ಹೋದ್ಮೇಲೆ ಬಪ್ಪುದಕ್ಕಿಂತ ಈಗ ಬಂದದ್ದ್ ಒಳ್ಳೆದಲ್ದಾ?"

ಆವತ್ತಿನಿಂದ ಅವರೇ ನನ್ನ ವಯರ್‌ಮನ್.

ಈ ವಯರೆಲ್ಲ ಹೋಗುವುದು ಸರ್ವೋಗಳಿಗೆ; ಸರ್ವೋ ಎಂದರೆ ಏನೆಂದು ಒಂದು ಮಾತಿನಲ್ಲಿ ಹೇಳುತ್ತೇನೆ, ಬೇಸರಿಸಬೇಡಿ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ, ಒಳಗೆ ಪುಟ್ಟ ಮೋಟಾರು. ನಾನು ನೆಲದ ಮೇಲೆ ರಿಮೋಟಿನ ಕಡ್ಡಿ ಅಲುಗಿಸಿದರೆ ಅಲ್ಲಿ ಆಕಾಶದಲ್ಲಿ ಅದು ತಿರುಗಿ, ರೆಕ್ಕೆಯ ಅಂಚನ್ನೋ ಬಾಲದ ಅಂಚನ್ನೋ ಮೇಲೆ ಕೆಳಗೆ ಮಾಡುತ್ತದೆ. ದೊಡ್ಡ ವಿಮಾನದಲ್ಲಿ ಇಂಥವು ಆರೇಳು ಇರುತ್ತವೆ. ಒಂದೊಂದಕ್ಕೂ ಮೂರು ವಯರು. ಬಾಲದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುತ್ತದಲ್ಲ, ಮೂತಿಯನ್ನು ಎತ್ತುವುದೂ ಇಳಿಸುವುದೂ ಆ ಎರಡರ ಕೆಲಸ. ಮೂತಿಯಿಂದ ಬಾಲದವರೆಗೆ ಐದಡಿ ಉದ್ದದ ವಯರು ಬೇಕು. ಅಷ್ಟುದ್ದ ಸಿಗುವುದಿಲ್ಲ, ಜೋಡಿಸಿಯೇ ಆಗಬೇಕು. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಆ ಜಾಯಿಂಟಿನ ಕೂದಲೆಳೆ ತಾಮ್ರ ಬಿಟ್ಟಿತೋ, ಮುಗಿಯಿತು.

ಚಂದಯ್ಯಣ್ಣನ ಜಾಯಿಂಟು ಬಿಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಗಂಗೊಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾರಣ. ಇಪ್ಪತ್ತೊಂದು ವರ್ಷದ ಹಿಂದೆ ಅವರ ತಮ್ಮ, ಕೊರಗ ಎಂಬವನು, ಮೀನಿಗೆ ಹೋಗಿದ್ದ ಬೋಟಿನ ಹಿಂಬದಿ ದೀಪ ಬೆಳಗಿನ ಜಾವ ಆರಿಹೋಯಿತು. ಹಿಂದಿನಿಂದ ಬಂದ ದೊಡ್ಡ ಬೋಟಿಗೆ ಇವರು ಕಾಣಲಿಲ್ಲ. ಗುದ್ದಿತು. ನಾಲ್ವರಲ್ಲಿ ಮೂವರು ಈಜಿ ಜೀವ ಉಳಿಸಿಕೊಂಡರು, ಕೊರಗ ಉಳಿಯಲಿಲ್ಲ. ಬಲ್ಬ್ ಸುಟ್ಟುಹೋದದ್ದು ಎಂದರು ಆ ಬೋಟಿನ ವಯರಿಂಗ್ ಮಾಡಿದ್ದ ಚಂದಯ್ಯಣ್ಣ, ಊರೂ ಅದನ್ನೇ ಹೇಳಿತು. ಆಮೇಲೆ ಅವರು ಮದುವೆಯಾಗಲಿಲ್ಲ. ತಮ್ಮನ ಹೆಂಡತಿ ಸುಗುಣಳ ಮನೆಯ ಪಕ್ಕದಲ್ಲೇ ಉಳಿದರು, ಅವಳ ಇಬ್ಬರು ಹೆಣ್ಣುಮಕ್ಕಳ ಓದು ಮದುವೆ ಎಲ್ಲ ತಾವೇ ನಿಂತು ಮಾಡಿದರು. ಎರಡು ಹೊತ್ತಿನ ಊಟ ಸುಗುಣಳ ಮನೆಯಲ್ಲೇ.

ಕೈಯ ಕೆಲಸವೂ ಆಮೇಲೆ ಬೇರೆಯೇ ಆಯಿತು. ಅವರು ಕೈ ಹಾಕಿದ ಪ್ರತಿ ಜಾಯಿಂಟಿಗೂ ಬೆಸುಗೆ ಬೀಳಲೇಬೇಕು, ತಾಮ್ರದ ಎಳೆ ಎಳೆಗೂ ಸೀಸ ಇಳಿಯಬೇಕು. ಬೋಟಿನಲ್ಲಿ ಬರೀ ಒತ್ತಿ ಕೂರಿಸಿದ ಜಾಯಿಂಟಿಗೆ ಉಪ್ಪುಗಾಳಿ ಹೊಕ್ಕು ಹಸಿರು ಹಿಡಿದು ತಿಂದುಹಾಕುತ್ತದೆ. ಅಷ್ಟೇ ಅಲ್ಲ. ಯಾವ ಜಾಯಿಂಟು ಮಾಡಿದರೂ ಅದರದೇ ಜೋಡಿಯೊಂದನ್ನು ಮಾಡುತ್ತಿದ್ದರು: ಅದೇ ವಯರು, ಅದೇ ಬೆಸುಗೆ, ಗೇಣುದ್ದದ ತುಂಡು. ಒಂದು ಕೆಲಸಕ್ಕೆ ಹೋದರೆ ಇನ್ನೊಂದನ್ನು ಮೀನಿಗೆ ಹೋಗುವ ಬೋಟಿಗೆ ಕಟ್ಟಿ ಕಳಿಸುವುದು. ಏಳೆಂಟು ದಿನ ಸಮುದ್ರ ತಿರುಗಿ ಬೋಟು ಬಂದಾಗ ಸುಗುಣ ಆ ತುಂಡನ್ನು ಬಿಚ್ಚಿ ತರುತ್ತಿದ್ದಳು. ಅವಳು ಹೇಗೂ ಮೀನು ಹರಾಜಿಗೆ ದಿನಾ ಬಂದರಿನಲ್ಲಿರುವವಳು. ಹರಾಜಿನಲ್ಲಿ ಹಿಡಿದ ಮೀನನ್ನು ಟೆಂಪೋದಲ್ಲಿ ಕೋಟ, ಸಾಲಿಗ್ರಾಮದ ಕಡೆ ತಂದು ಮಾರುವುದು ಅವಳ ವ್ಯಾಪಾರ. ಚಂದಯ್ಯಣ್ಣ ತುಂಡನ್ನು ಎರಡೂ ಕಡೆ ಹಿಡಿದು ಎಳೆದು ನೋಡಿ, "ಹೂಂ, ಹೋಯ್ಲಿ" ಎಂದರೆ ಮಾತ್ರ ನನ್ನ ವಿಮಾನ ಹಾರುವುದು.

ನನಗೆ ಮೊದಮೊದಲು ನಗು. ಆಮೇಲೆ ಅಭ್ಯಾಸವಾಯಿತು. ಐದು ವಿಮಾನಕ್ಕೆ ಹಾಗೆಯೇ ಕಾದೆ.

ಆರನೆಯದು ಈ ದೊಡ್ಡ ವಿಮಾನ, ಎಂಟು ತಿಂಗಳ ಕೆಲಸ. ಮಾರ್ಚ್ ತಿಂಗಳಲ್ಲಿ ಶೆಡ್ಡಿನ ಎದುರು ಮೊದಲ ಸಲ ಎಂಜಿನ್ ಹಚ್ಚಿದಾಗ ಚಂದಯ್ಯಣ್ಣ ಅದರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು ಸುಮಾರು ಹೊತ್ತು ನಿಂತರು. ಬ್ಯಾಟರಿ ವಿಮಾನ ಹೀಗೆ ಅದುರುತ್ತಿರಲಿಲ್ಲ.

"ಇದ್ ನಡುಗತ್ತ್ ಶೆಟ್ರೆ, ಬೋಟಿನ್ ಎಂಜಿನ್ ಹಾಂಗೇ," ಎಂದರು. "ಈ ಸಲ ತುಂಡನ್ನ್ ಬೋಟಿನ್ ಕ್ಯಾಬಿನ್ನಿಗ್ ಕಟ್ಟುದಲ್ಲ, ಎಂಜಿನ್ನಿಗೇ ಕಟ್ಟಿ ಕಳ್ಸ್ತೆ."

"ಎಲ್ಲಿಗಾರೂ ಕಟ್ಟಿ, ಬೇಗ ಮಾಡಿ," ಎಂದೆ ನಾನು. ಆ ತಿಂಗಳ ಕೊನೆಯ ಭಾನುವಾರ ಮಂಗಳೂರಿನಿಂದ ಮೂವರು ವಿಮಾನ ನೋಡಲು ಬರುವವರಿದ್ದರು, ಇದೇ ಹುಚ್ಚಿನವರು. ಇಷ್ಟು ದೊಡ್ಡದು ನಿಮ್ಮ ಕೈಯಲ್ಲಿ ಹಾರಿದರೆ ನೋಡುವ ಎಂದು ಫೋನಿನಲ್ಲಿ ಕಿಚಾಯಿಸಿದ್ದರು. ನನಗೆ ಅಷ್ಟು ಸಾಕಲ್ಲ.

ಬೋಟು ಶುಕ್ರವಾರ ಬರಬೇಕಿತ್ತು. ಬರಲಿಲ್ಲ. ಶನಿವಾರ ಮಧ್ಯಾಹ್ನವೂ ಬರಲಿಲ್ಲ. ಮೀನು ಸಿಕ್ಕಲಿಲ್ಲವೆಂದು ಇನ್ನೂ ಮುಂದೆ ಹೋಗಿದೆಯಂತೆ. ಸಂಜೆ ಅಂಗಡಿಯಲ್ಲಿ ಕೂತು ಫೋನು ಮಾಡಿದೆ.

"ನಾಳೆ ಎಂಟ್ ಗಂಟೆಗೆ ಹಾರ್ಸ್ತೆ ಚಂದಯ್ಯಣ್ಣ. ಜನ ಬತ್ರ್."

"ಬೋಟ್ ಬಂದಿಲ್ಲೆ ಶೆಟ್ರೆ. ಬಪ್ಪತನ್ಕ ಕಾಯ್ಕ್."

"ಗೇಣುದ್ದ ವಯರಿಗೋಸ್ಕರ ಊರೆಲ್ಲ ಕಾಯ್ಕಾ? ನೀವ್ ಮಾಡಿದ್ ಜಾಯಿಂಟ್ ಎಂದಾರೂ ಬಿಟ್ಟಿತ್ತಾ?"

"ಬಿಡ್ಲಿಲ್ಲೆ. ಆರೆ ಇಷ್ಟ್ ನಡುಗೂ ಎಂಜಿನ್ನಿಗ್ ನಾ ಮಾಡಿದ್ದ್ ಇದೇ ಮೊದ್ಲ್. ನಂಗೇ ಗೊತ್ತಿಲ್ಲೆ."

ಆಗ ನನ್ನ ಬಾಯಿಂದ ಒಂದು ಮಾತು ಬಂತು. ಬರೆಯಲೂ ನಾಚಿಕೆಯಾಗುತ್ತದೆ, ಆದರೆ ಬರೆಯಲೇಬೇಕು. "ನಿಮ್ಮ ತಮ್ಮನ್ ಬೋಟಿನ್ ಬಲ್ಬ್ ಹೋಯ್ತ್ ಅಂದೇಳಿ ನನ್ ವಿಮಾನ ಎಷ್ಟ್ ದಿನ ಶೆಡ್ಡಲ್ಲೇ ಕೊಳಿಕ್?" ಎಂದೆ.

"ಹಾರ್ಸ್‌ಬೇಡಿ ಶೆಟ್ರೆ, ನಿಮ್ ಕಾಲ್ ಹಿಡಿತೆ," ಎಂದರು. ನಾನು ಫೋನು ಇಟ್ಟುಬಿಟ್ಟೆ.

ಹಾರಿಸುವುದು ಕೋಟದ ಹತ್ತಿರ, ಕೊಯ್ಲು ಮುಗಿದು ಗಟ್ಟಿಯಾದ ಒಂದು ಉದ್ದನೆಯ ಗದ್ದೆಯಲ್ಲಿ. ಪೂರ್ವ ಪಶ್ಚಿಮಕ್ಕೆ ಉದ್ದ, ಅಡ್ಡಕ್ಕೆ ಹೆಚ್ಚಿಲ್ಲ. ದಕ್ಷಿಣಕ್ಕೆ ತೆಂಗಿನ ತೋಟದ ಮುರಕಲ್ಲಿನ ಪಾಗಾರ, ಅಂದರೆ ಕಲ್ಲಿನ ಕಂಪೌಂಡ್ ಗೋಡೆ. ಬೆಳಗಿನ ಗಾಳಿ ಪೂರ್ವದಿಂದ ಬೀಸುತ್ತದೆ, ವಿಮಾನ ಗಾಳಿಗೆ ಮುಖ ಕೊಟ್ಟು ಇಳಿಯಬೇಕು. ಹಾಗಾಗಿ ಪಶ್ಚಿಮದ ಕಡೆಗೆ ಹೋಗಿ, ತಿರುಗಿ, ತಗ್ಗಿನಲ್ಲಿ ಬಂದು ಇಳಿಸುವುದು ವಾಡಿಕೆ. ಆವತ್ತು ಪಶ್ಚಿಮದ ಗದ್ದೆಯಲ್ಲಿ ನೆಲಗಡಲೆ ಕೀಳುತ್ತಿದ್ದರು. ಎಂಟು ಜನ ಹೆಂಗಸರು, ತಲೆಗೆ ಬಟ್ಟೆ ಕಟ್ಟಿಕೊಂಡು ಬಗ್ಗಿದ್ದರು. ನಾನು ನೋಡಿದೆ. ನೋಡಿಯೂ, ಅವರ ಮೇಲೆ ಹೋಗುವುದು ಅರೆಗಳಿಗೆಯ ಮಾತು ಎಂದುಕೊಂಡೆ.

ಹಾರಿಸುವಾಗ ಫೋನನ್ನು ವ್ಯಾನಿನಲ್ಲೇ ಬಿಡುವುದು ನನ್ನ ಕ್ರಮ. ಆವತ್ತು ಅದರಲ್ಲಿ ಹದಿನಾಲ್ಕು ಸಲ ರಿಂಗಾಗಿತ್ತು. ಆಮೇಲೆ ಎಣಿಸಿದ್ದು.

ಎಂಟೂಕಾಲಿಗೆ ವಿಮಾನ ಎದ್ದಿತು. ಏನು ಏಳುವುದು ಅದು! ಮಂಗಳೂರಿನವರು ಮೂವರೂ ಬಾಯಿ ಮುಚ್ಚಿಕೊಂಡು ನೋಡಿದರು. ಎರಡು ಸುತ್ತು ಬಂದೆ, ಎಂಜಿನ್ ಗುಂಯ್ಯೆಂದು ಹಾಡುತ್ತಿತ್ತು. ನನಗೆ ನೆನಪಾದದ್ದು ಹಿಂದಿನ ಸಂಜೆಯ ಜಗಳ, ಗೆದ್ದೆ ಎಂದುಕೊಂಡೆ. ಮೂರನೆಯ ಸುತ್ತಿನಲ್ಲಿ ಬಾಲ ಒಮ್ಮೆ ಬೆಚ್ಚಿದಂತೆ ಅಲುಗಿತು.

"ಗಾಳಿಯಾ?" ಎಂದ ಅವರಲ್ಲೊಬ್ಬ.

"ಗಾಳಿಯೇ," ಎಂದೆ. ಗಾಳಿಯಲ್ಲ ಎಂದು ನನ್ನ ಹೆಬ್ಬೆರಳಿಗೆ ಗೊತ್ತಾಗಿತ್ತು. ಬಾಯಿ ಒಪ್ಪಲಿಲ್ಲ.

ಇನ್ನೊಮ್ಮೆ ಅಲುಗಿತು. ಅದೇ ಹೊತ್ತಿಗೆ ಹಿಂದಿನ ಮಣ್ಣುರಸ್ತೆಯಲ್ಲಿ ಒಂದೇ ಸಮ ಹಾರ್ನ್ ಕೇಳಿತು. ಕಣ್ಣಂಚಿನಲ್ಲಿ ನೋಡಿದೆ: ಮೀನಿನ ಟೆಂಪೋ. ನಿಲ್ಲುವ ಮೊದಲೇ ಹಿಂದಿನಿಂದ ಒಬ್ಬರು ಹಾರಿದರು. ಚಂದಯ್ಯಣ್ಣ! ಬರಿಗಾಲಿನಲ್ಲಿ, ಪಂಚೆ ಎತ್ತಿ ಕಟ್ಟಿಕೊಂಡು, ಗದ್ದೆಯ ಅಂಚು ಹಾರಿಕೊಂಡು ಓಡಿ ಬರುತ್ತಿದ್ದಾರೆ. ಎರಡೂ ಕೈ ಮೇಲೆತ್ತಿದ್ದಾರೆ, ಒಂದೊಂದು ಕೈಯಲ್ಲಿ ಒಂದೊಂದು ಮೋಟು ವಯರು.

"ಹ್ವಾಯ್ ಶೆಟ್ರೆ! ಇಳ್ಸಿ! ಇಳ್ಸಿ! ಬೋಟ್ ಬಂತ್! ತುಂಡಾಯ್ತ್!"

ಅವರು ನನ್ನ ಮಗ್ಗುಲಿಗೆ ಬಂದು ನಿಲ್ಲುವುದಕ್ಕೂ ವಿಮಾನ ಮೂತಿ ತಗ್ಗಿಸಿ ಬಲಕ್ಕೆ ವಾಲುವುದಕ್ಕೂ ಸರಿಹೋಯಿತು. ಕಡ್ಡಿ ಪೂರ್ತಿ ಎಳೆದೆ. ಮೂತಿ ಅರ್ಧಕ್ಕರ್ಧ ಮಾತ್ರ ಎದ್ದಿತು.

"ಬಾಲದಲ್ಲಿ ಬಲದ್ದ್ ಹೋಯ್ತ್," ಎಂದೆ.

"ಎಂಜಿನ್ ಕಮ್ಮಿ ಮಾಡಿ," ಎಂದರು ಚಂದಯ್ಯಣ್ಣ, ಏದುಸಿರಿನಲ್ಲೇ. "ಪೂರ್ತಿ ಬಿಟ್ಟಿಲ್ಲೆ ಅದ್, ಎಳೆ ಹಿಡ್ಕಂಡಿತ್ತ್. ನಡುಕ ಕಮ್ಮಿ ಆರೆ ತಾಗತ್ತ್."

ಎಂಜಿನ್ ಇಳಿಸಿದೆ. ಹೌದು, ಬಾಲ ಮತ್ತೆ ಮಾತು ಕೇಳಿತು.

"ಎಷ್ಟ್ ಹೊತ್ತ್ ಹಿಡಿತ್ತ್?"

"ಗೊತ್ತಿಲ್ಲೆ ಶೆಟ್ರೆ. ಗೊತ್ತಿಲ್ಲೆ."

ಎಂಜಿನ್ ಇಳಿಸಿದರೆ ವಿಮಾನ ಇಳಿಯುತ್ತಲೇ ಹೋಗುತ್ತದೆ. ಎಂಜಿನ್ ಏರಿಸಿದರೆ ವಯರು ಬಿಡುತ್ತದೆ. ಗದ್ದೆಯ ಉತ್ತರದಂಚಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಅದು ಹೋಗುತ್ತಿತ್ತು, ಎರಡು ತೆಂಗಿನಮರದಷ್ಟು ಎತ್ತರದಲ್ಲಿ, ನೆಟ್ಟಗೆ ನೆಲಗಡಲೆ ಗದ್ದೆಯ ಕಡೆಗೆ. ಹಾಗೇ ಮುಂದೆ ಬಿಟ್ಟು ತಿರುಗಿಸಿ ತಂದರೆ ವಿಮಾನ ಉಳಿಯಬಹುದು. ಆದರೆ ತಿರುಗುವುದು ಆ ಹೆಂಗಸರ ತಲೆಯ ಮೇಲೆ. ತಿರುಗುವಾಗಲೇ ಬಾಲಕ್ಕೆ ಹೆಚ್ಚು ಭಾರ. ಆಗ ಬಿಟ್ಟರೆ?

"ಓಡಿ! ಓಡಿ!" ಎಂದು ಮಂಗಳೂರಿನವರು ಕಿರುಚಿದರು. ಅಷ್ಟು ದೂರಕ್ಕೆ ಕೇಳಬೇಕಲ್ಲ. ಒಬ್ಬಳು ತಲೆ ಎತ್ತಿ, ಕೈ ಅಡ್ಡ ಹಿಡಿದು, ವಿಮಾನ ನೋಡಿ ನಕ್ಕು ಪಕ್ಕದವಳಿಗೆ ತೋರಿಸಿದಳು.

"ಅಡ್ಡಕ್ ಇಳ್ಸಿ," ಎಂದರು ಚಂದಯ್ಯಣ್ಣ.

"ಪಾಗಾರ ಇತ್ತ್ ಅಲ್ಲಿ!"

"ಇರ್ಲಿ. ಮುರಿಲಿ. ಆಚಿಗ್ ಬಿಡ್‌ಬೇಡಿ ಶೆಟ್ರೆ, ಆಚಿಗ್ ಮಾತ್ರ ಬಿಡ್‌ಬೇಡಿ."

ಎಂಟು ತಿಂಗಳು. ಒಂದು ಉಸಿರಿನಷ್ಟು ಹೊತ್ತು ನಾನು ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ಬದುಕಿಸಬಹುದೇನೋ, ಅರೆಗಳಿಗೆ ಅಲ್ಲವಾ ಎಂದು ನನ್ನ ದುರ್ಬುದ್ಧಿ ಹೇಳಿತು. ಆಮೇಲೆ ಕಡ್ಡಿಯನ್ನು ಎಡಕ್ಕೆ ತಳ್ಳಿದೆ. ವಿಮಾನ ಎಡಕ್ಕೆ ವಾಲಿ ಗದ್ದೆಗೆ ಅಡ್ಡವಾಗಿ ಬಂತು, ನಮ್ಮ ಎದುರಿಗೇ, ತಗ್ಗಿ, ಇನ್ನೂ ತಗ್ಗಿ. ನೆಲಕ್ಕೆ ಇನ್ನು ಒಂದಾಳೆತ್ತರ ಇರುವಾಗ ಬಲದ ಬಾಲ ಪೂರ್ತಿ ಸತ್ತಿತು. ಮೂತಿ ಕುಕ್ಕಿತು, ಗಾಲಿ ಕಿತ್ತುಹೋಯಿತು, ಹೊಟ್ಟೆಯ ಮೇಲೆ ಜಾರುತ್ತಾ ಹೋಗಿ ಪಾಗಾರಕ್ಕೆ ಗುದ್ದಿ ನಿಂತಿತು. ಬಲದ ರೆಕ್ಕೆ ಎರಡು ತುಂಡು.

ನಾನು ರಿಮೋಟ್ ಹಿಡಿದುಕೊಂಡೇ ಅಲ್ಲೇ ಕುಕ್ಕರಿಸಿದೆ.

ಚಂದಯ್ಯಣ್ಣ ಮಾತ್ರ ನಡೆದು ಹೋದರು. ಬಾಲದ ಮುಚ್ಚಳ ತೆಗೆದು, ಎರಡು ಬೆರಳು ಹಾಕಿ ಬಲಗಡೆಯ ವಯರನ್ನು ಮೆಲ್ಲ ಎಳೆದರು. ಅದು ಕೈಗೆ ಬಂತು. ಕಿಸೆಯಿಂದ ಬೋಟಿನ ತುಂಡು ತೆಗೆದು ಪಕ್ಕದಲ್ಲಿ ಹಿಡಿದರು. ಎರಡೂ ಒಂದೇ ಜಾಗದಲ್ಲಿ ಮುರಿದಿದ್ದವು, ಬೆಸುಗೆ ಮುಗಿಯುವಲ್ಲಿ.

"ಕಾಣಿ," ಎಂದರು ನನಗೆ. "ಬೆಸುಗೆ ಎಳೆಯೊಳ್ಗೆ ಹತ್ತಿ ಕೂತಿತ್ತ್. ಅಲ್ಲಿತನ್ಕ ಸಲಾಕೆ ಹಾಂಗೆ ಗಟ್ಟಿ. ಗಟ್ಟಿ ಮುಗಿದಲ್ಲಿ ನಡುಗಿ ನಡುಗಿ ಕಡ್ದ್ ಹೋಯ್ತ್. ಉಪ್ಪಿಗ್ ಹೆದ್ರಿ ಮಾಡಿದ್ ಕೆಲ್ಸ. ನಡುಕಕ್ಕ್ ಅದೇ ಮುಳುವಾಯ್ತ್."

"ತಪ್ಪ್ ನಂದ್ ಚಂದಯ್ಯಣ್ಣ. ನೀವ್ ಕಾಯಿ ಅಂದ್ರಿ."

ಅವರು ಪಶ್ಚಿಮಕ್ಕೆ ತಿರುಗಿ, "ಆ ಹೆಂಗ್ಸ್ರ್ ಯಾರ್?" ಎಂದರು.

"ಗದ್ದೆಯೋರ್. ಪುಷ್ಪಕ್ಕ ಅಂದೇಳಿ, ಅವ್ರದ್ದೇ ಗದ್ದೆ. ಎಂತಕೆ?"

"ಹೇಳ್ಕ್ ಅವ್ರಿಗೆ."

"ಎಂತ ಹೇಳುದ್ ಮಾರಾಯ್ರೆ? ಅವ್ರಿಗ್ ಗೊತ್ತೇ ಆಯ್ಲಿಲ್ಲೆ!"

"ಅದ್ಕೇ ಹೇಳ್ಕ್," ಎಂದು ಅವರು ಹೊರಟೇಬಿಟ್ಟರು. ನನಗೆ ಮತ್ತೆ ಕೋಪ ಬಂತು, ನೋಡಿ. ಮಂಗಳೂರಿನವರ ಎದುರು ಮಾನ ಹೋದದ್ದು ಸಾಲದೇ, ಇನ್ನು ಗದ್ದೆ ಗದ್ದೆ ತಿರುಗಿ ಡಂಗುರ ಹೊಡೆಯಬೇಕೆ? ಆದರೂ ಕಾಲು ಹಿಂದೆಯೇ ಹೋಯಿತು. ಟೆಂಪೋದಿಂದ ಇಳಿದಿದ್ದ ಸುಗುಣಳೂ ಬಂದಳು. ಬೆಳಿಗ್ಗೆ ಬೋಟಿನ ಎಂಜಿನ್ನಿನಿಂದ ಮುರಿದ ತುಂಡನ್ನು ಬಿಚ್ಚಿ ತಂದವಳು ಅವಳು. ನಾನು ಫೋನು ಎತ್ತದಿದ್ದಾಗ ಹರಾಜನ್ನು ಅರ್ಧಕ್ಕೇ ಬಿಟ್ಟು ಬಾವನನ್ನು ಟೆಂಪೋ ಹತ್ತಿಸಿದವಳೂ ಅವಳೇ. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, "ಬಾವ, ನಿಧಾನ, ನಿಧಾನ," ಎನ್ನುತ್ತಿದ್ದಳು.

ಚಂದಯ್ಯಣ್ಣ ನೆಲಗಡಲೆ ಗದ್ದೆಯ ಅಂಚಿನಲ್ಲಿ ನಿಂತು ಮುರಿದ ವಯರನ್ನು ತೋರಿಸಿದರು.

"ಅಕ್ಕಾ, ಆ ವಿಮಾನಕ್ಕೆ ವಯರ್ ಮಾಡಿದ್ದ್ ನಾನ್. ವಯರ್ ತುಂಡಾಯ್ತ್. ಇನ್ನೊಂದ್ ಚೂರ್ ಮುಂದ್ ಬಂದಿದ್ರೆ ನಿಮ್ ಮೇಲೆ ಬೀಳ್ತಿತ್ತ್. ತಪ್ಪಾಯ್ತ್."

ಪುಷ್ಪಕ್ಕ ಸೊಂಟಕ್ಕೆ ಕೈ ಕೊಟ್ಟು ಅವರನ್ನೂ ನನ್ನನ್ನೂ ನೋಡಿದರು. "ಬೀಳ್ಲಿಲ್ಲೆ ಅಲ್ದಾ? ಬೀಳ್ದಿದ್ದದ್ನ ಹೇಳುಕೆ ಬಪ್ಪುದಾ? ನಿಮ್ಗೆಂತ ಮರ್ಲಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಶೆಟ್ರೆ, ಇನ್ನ್ ನಮ್ ಗದ್ದೆ ಮೇಲೆ ಅದ್ ಕಂಡ್ರೆ ಕತ್ತಿ ತಕಂಡ್ ಹೊಡ್ದ್ ಹಾಕ್ತೆ, ಹೇಳಿದೆ," ಎಂದರು. ತಮಾಷೆಗಲ್ಲ. ನಾನು ತಲೆ ತಗ್ಗಿಸಿದೆ.

ಚಂದಯ್ಯಣ್ಣ ಮಾತ್ರ ಅಲ್ಲಿಂದ ಕದಲಲಿಲ್ಲ. ಸುಗುಣ ಅವರ ತೋಳು ಹಿಡಿದಳು.

"ಬನ್ನಿ ಬಾವ. ನಿಮ್ ಕೈ ತಪ್ಪ್ ಮಾಡೂ ಕೈ ಅಲ್ಲ. ಆವತ್ತೂ ಹಾಂಗೇ, ಬಲ್ಬ್ ಹೋದ್ರೆ ನೀವೆಂತ ಮಾಡೂಕಾತ್ತ್? ಎಲ್ಲದ್ಕೂ ನಿಮ್ಮನ್ನೇ ಬೈಕಂಬ್ದ್ ಬ್ಯಾಡ."

ಅವಳು ಸಮಾಧಾನಕ್ಕೆ ಅಂದದ್ದು. ಚಂದಯ್ಯಣ್ಣ ಅವಳ ಕೈಯನ್ನು ಮೆಲ್ಲ ಬಿಡಿಸಿದರು.

"ಬಲ್ಬ್ ಅಲ್ಲ ಸುಗುಣ."

"ಎಂತ?"

"ಬಲ್ಬ್ ಹೊಸ್ತ್. ಆ ದಿನ ಮಧ್ಯಾಹ್ನ ನಾನೇ ಹಾಕಿದ್ದ್. ವಯರ್ ಜಾಯಿಂಟಿಗ್ ಬೆಸುಗೆ ಹಾಕಿರ್ಲಿಲ್ಲೆ. ಬೋಟ್ ಹೊರ್ಡ್ಕ್ ಅಂದೇಳಿ ಬೋಟಿನೋರ್ ಗಡಿಬಿಡಿ ಮಾಡ್ರ್. ಬರೀ ತಿರ್ಪಿ ಟೇಪ್ ಸುತ್ತಿ ಬಿಟ್ಟೆ. ಬಂದ್ಮೇಲೆ ಸಮಾ ಮಾಡ್ತೆ ಅಂದ್ಕಂಡೆ."

ನೆಲಗಡಲೆ ಕೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತಿದ್ದರು. ಸುಗುಣ ಬಾವನ ಮುಖವನ್ನೇ ನೋಡಿದಳು.

"ಬಲ್ಬ್ ಹೊಸ್ತಾ?" ಎಂದಳು ಇನ್ನೊಮ್ಮೆ.

"ಹೌದ್."

"ಇಪ್ಪತ್ತೊಂದ್ ವರ್ಷ ನಾ ಬಡ್ಸಿದ್ ಅನ್ನ ಉಂಡ್ರಿ, ಬಾವ," ಎಂದಳು. ಕೂಗಲಿಲ್ಲ, ಅಳಲಿಲ್ಲ. ತಿರುಗಿ ಗದ್ದೆಯ ಅಂಚಿನಲ್ಲೇ ನಡೆದು ಟೆಂಪೋ ಹತ್ತಿದಳು. ಟೆಂಪೋ ಹೋಯಿತು.

ಚಂದಯ್ಯಣ್ಣನನ್ನು ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ತೆಕ್ಕಟ್ಟೆ, ಕೋಟೇಶ್ವರ, ಕುಂದಾಪುರ ದಾಟಿದೆವು. ಹೊಳೆಯ ಆಚೆಗೆ ಗಂಗೊಳ್ಳಿ ಕಾಣುತ್ತದೆ, ಆದರೆ ರಸ್ತೆ ಹೆಮ್ಮಾಡಿ, ತ್ರಾಸಿ ಸುತ್ತಿ ಹೋಗಬೇಕು. ಆವತ್ತಿನಷ್ಟು ಉದ್ದದ ದಾರಿ ನಾನು ಕಂಡಿಲ್ಲ. ಹಿಂದಿನ ಸಂಜೆ ಫೋನಿನಲ್ಲಿ ನಾನಾಡಿದ ಮಾತು ನೆನಪಾಗುತ್ತಲೇ ಇತ್ತು. ಬಲ್ಬ್ ಎಂದಿದ್ದೆನಲ್ಲ, ಅದನ್ನು ಕೇಳಿ ಇಡೀ ರಾತ್ರಿ ಈ ಮನುಷ್ಯ ಹೇಗೆ ಕಳೆದಿರಬೇಡ? ತ್ರಾಸಿ ದಾಟಿದ ಮೇಲೆ, "ನಾನ್ ಆಡಿದ್ ಮಾತಿಗೆ ನನ್ ಕೆನ್ನೆಗೊಂದ್ ಹೊಡೀರಿ," ಎಂದೆ.

"ಗಡಿಬಿಡಿ ಮಾಡಿದ್ದ್ ಆವತ್ತ್ ಬೋಟಿನೋರ್, ಇವತ್ತ್ ನೀವ್," ಎಂದರು ಅವರು, ರಸ್ತೆ ನೋಡುತ್ತಲೇ. "ಆಯ್ತ್ ಅಂದದ್ದ್ ಮಾತ್ರ ಎರಡ್ ಸಲವೂ ನಾನೇ. ನಿಮ್ಮ ಬಾಲದ್ ಮುಚ್ಚಳ ಹಾಕಿ ಸ್ಕ್ರೂ ಬಿಗ್ದ್ ಕೊಟ್ಟದ್ದ್ ನಾನಲ್ದಾ? ಬೋಟ್ ಬಪ್ಪತನ್ಕ ಬಿಗಿಬಾರ್ದಿತ್ತ್."

ಆವತ್ತಿನಿಂದ ಸುಗುಣಳ ಮನೆಯಲ್ಲಿ ಅವರಿಗೆ ಊಟವಿಲ್ಲ. ಅವಳು ಬೇಡವೆನ್ನಲೂ ಇಲ್ಲ, ಕರೆಯಲೂ ಇಲ್ಲ; ಅವರು ಹೋಗಲಿಲ್ಲ. ಬಂದರಿನ ಹೋಟೆಲಿನಲ್ಲಿ ಒಂದು ಹೊತ್ತು ಉಣ್ಣುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬರುತ್ತಿದ್ದೆ. ಆ ಮುರಿದ ಎರಡು ತುಂಡನ್ನೂ ಒಟ್ಟಿಗೆ ಕಟ್ಟಿ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಮೊಳೆಗೆ ತೂಗುಹಾಕಿದ್ದೇನೆ. ಕೋಪ ಬಂದಾಗ ನೋಡುತ್ತೇನೆ. ಯಾವಾಗಲೂ ಕೆಲಸ ಮಾಡುತ್ತದೆ ಎಂದು ಹೇಳಲಾರೆ.

ಮಳೆಗಾಲದಲ್ಲಿ ರೆಕ್ಕೆ ಮತ್ತೆ ಕಟ್ಟಿದೆ. ವಯರು? ಬೇರೆ ಯಾರನ್ನೂ ನಾನು ಮುಟ್ಟಗೊಡಲಿಲ್ಲ. ಚಂದಯ್ಯಣ್ಣ ಮೊದಲು ಒಲ್ಲೆನೆಂದರು. ಈ ಕೆಲಸಕ್ಕೆ ಬೆಸುಗೆಯಿಲ್ಲದ ಜಾಯಿಂಟೇ ಆಗಬೇಕು: ತಾಮ್ರದ ಪುಟ್ಟ ಕೊಳವೆಗೆ ಎಳೆ ತೂರಿಸಿ, ಇಕ್ಕಳದಿಂದ ಒತ್ತಿ ಕೂರಿಸಿ, ಆಚೀಚೆ ಅಲುಗದಂತೆ ವಯರನ್ನು ಮೈಗೆ ಕಟ್ಟುವುದು. ಬೆಸುಗೆಯಿಲ್ಲದೆ ಎಂದರೆ ಅವರಿಗೆ ನೆನಪಾಗುವುದು ಒಂದೇ, ಆ ದೀಪ. ಇಕ್ಕಳ ಹಿಡಿದು ಕೂತರೆ ಹಣೆಯಲ್ಲಿ ಬೆವರು. ಹನ್ನೊಂದು ಜಾಯಿಂಟು ಮಾಡಿ ಹನ್ನೊಂದನ್ನೂ ಕತ್ತರಿಸಿ ಎಸೆದರು. ಹನ್ನೆರಡನೆಯದನ್ನು ಬಲೆಯ ದಾರದಲ್ಲಿ ಮೂರು ಕಡೆ ಬಿಗಿದು ಕಟ್ಟಿ, "ಇದ್ ಇರ್ಲಿ," ಎಂದರು. ಅದರ ಜೋಡಿಯನ್ನು ಮಾಡಿದರು. ಬಾಲದ ಮುಚ್ಚಳ ಹಾಕಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದವು. ತುಂಡು ಎಂಜಿನ್ನಿಗೆ ಕಟ್ಟಿಸಿಕೊಂಡು ಹೋಯಿತು. ಒಂಬತ್ತು ದಿನ ಕಳೆಯಿತು. ಬೋಟು ಬರುವ ಬೆಳಿಗ್ಗೆ ನಾನು ಅಂಗಡಿ ಮುಚ್ಚಿ ಬಂದರಿಗೆ ಹೋದೆ. ಚಂದಯ್ಯಣ್ಣ ದೂರದಲ್ಲಿ ಐಸಿನ ಪೆಟ್ಟಿಗೆಗಳ ಹತ್ತಿರ ನಿಂತಿದ್ದರು. ಹರಾಜು ನಡೆಯುವಲ್ಲಿ ಸುಗುಣ ಇರುತ್ತಾಳೆ, ಅಲ್ಲಿಗೆ ಅವರು ಹೋಗುವುದಿಲ್ಲ. ತುಂಡನ್ನು ನಾನೇ ಬಿಚ್ಚಿ ತರಬೇಕಿತ್ತು.

ಬೋಟು ಬಂತು, ಹಗ್ಗ ಎಸೆದರು. ನಾನು ಬೋಟು ಹತ್ತಲು ಪಂಚೆ ಎತ್ತಿ ಕಟ್ಟುವಷ್ಟರಲ್ಲಿ ಯಾರೋ ನನ್ನನ್ನು ಸರಿಸಿ ಹಾರಿ ಹತ್ತಿದರು. ಸುಗುಣ. ಎಂಜಿನ್ ಕೋಣೆಗೆ ಇಳಿದವಳು ಸುಮಾರು ಹೊತ್ತು ಬರಲೇ ಇಲ್ಲ. ನಾನು ಚಂದಯ್ಯಣ್ಣನ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ಮೇಲೆ ಬಂದಾಗ ಅವಳ ಕೈಯೆಲ್ಲ ಎಂಜಿನ್ನಿನ ಕರಿ, ಬೆರಳಿಗೆ ವಯರು ಕೊಯ್ದು ಕೆಂಪು ಗೆರೆ ಬಿದ್ದಿತ್ತು. ನೆಟ್ಟಗೆ ನನ್ನೆದುರು ಬಂದು ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟಳು. ಬಾವನ ಕಡೆ ತಿರುಗಲಿಲ್ಲ. ಆದರೆ ಮಾತು ಮಾತ್ರ ಐಸಿನ ಪೆಟ್ಟಿಗೆಯವರೆಗೆ ಕೇಳುವಷ್ಟು ದೊಡ್ಡದಾಗಿತ್ತು.

"ಹೇಳಿ ಅವ್ರಿಗೆ, ಶೆಟ್ರೆ. ನನ್ ಬಲ ಇದ್ದಷ್ಟೂ ಹಾಕಿ ಎಳ್ದೆ. ಜಾಯಿಂಟ್ ಬಿಟ್ಟ್ ಬರ್ಲಿಲ್ಲೆ."